ಹಡಗಿನ ಹೊಟ್ಟೆಯ ನೀರು

ದಂಡನ್ನು ಸಮುದ್ರದಿಂದ ಶತ್ರುವಿನ ದಡಕ್ಕೆ ಇಳಿಸುವ ಹಡಗಿನ ಬಗ್ಗೆ ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ನನ್ನಷ್ಟು ತಿಳಿದ ಹೆಂಗಸು ಇನ್ನೊಬ್ಬಳಿರಲಿಕ್ಕಿಲ್ಲ. ಹೆಮ್ಮೆಗೆ ಹೇಳುತ್ತಿಲ್ಲ. ನಾನಾಗಿ ಕೇಳಿ ಕಲಿತದ್ದೂ ಅಲ್ಲ. ಮದುವೆಯಾದ ಹೊಸತರಲ್ಲಿ ಬೇರೆಯವರ ಗಂಡಂದಿರು ಹೆಂಡತಿಯರಿಗೆ ಮೈಸೂರಿನಲ್ಲಿ ಮಸಾಲೆ ದೋಸೆ ಕೊಡಿಸಿ ಸಿನಿಮಾ ಮಾತಾಡುತ್ತಿದ್ದರೆ, ನಮ್ಮವರು ದೋಸೆ ಮುಂದಿಟ್ಟುಕೊಂಡು ಹಡಗಿನ ತಳ ಯಾಕೆ ಚಪ್ಪಟೆಯಾಗಿರಬೇಕು ಎಂದು ವಿವರಿಸುತ್ತಿದ್ದರು. ದೋಸೆ ಆರಿ ಹೋಗುತ್ತಿತ್ತು.

ನಮ್ಮವರು ನೌಕಾಪಡೆಯಲ್ಲಿದ್ದರು. ಊರು ಅಕ್ಕಿಹೆಬ್ಬಾಳು. ಮನೆಯಿಂದ ಹೇಮಾವತಿ ಹೊಳೆ ಕೂಗಳತೆಯಲ್ಲಿದೆ. ನನ್ನ ತವರು ನಾಗಮಂಗಲ. ನಾನು ಬೆಳೆಯುವಾಗ ನಮ್ಮ ಬೀದಿಯಲ್ಲಿ ನಲ್ಲಿ ನೀರು ಬಂದರೆ ಅದೇ ಹಬ್ಬ. ಅಂಥ ಬೀದಿಯಿಂದ ಹೊಳೆದಡದ ಮನೆಗೆ ಬಂದೆ, ಸಮುದ್ರದಲ್ಲಿರುವ ಗಂಡನನ್ನು ಕಟ್ಟಿಕೊಂಡೆ. ಕೆ.ಆರ್. ಪೇಟೆಯ ಶಾಲೆಯೊಂದರಲ್ಲಿ ಸಮಾಜ ಪಾಠ ಮಾಡುತ್ತೇನೆ. ನಮಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಊರಿನವರು ಬೇಕಾದಷ್ಟು ಮಾತಾಡಿ ಮುಗಿಸಿದ್ದಾರೆ, ನಾನು ಬೇರೆ ಸೇರಿಸುವುದು ಬೇಡ. ಮನೆಯಲ್ಲಿ ಅತ್ತೆ, ಮಾವ, ನಾನು. ರಜೆ ಸಿಕ್ಕಾಗ ನಮ್ಮವರು.

ಅವರ ಹಡಗು ಬೇರೆ ಹಡಗುಗಳ ಹಾಗೆ ಬಂದರಿನಲ್ಲಿ ಮರ್ಯಾದೆಯಿಂದ ನಿಲ್ಲುವುದಕ್ಕೆ ಕಟ್ಟಿದ್ದಲ್ಲ. ಬಂದರೇ ಇಲ್ಲದ ಕಡೆ, ಬರೀ ಮರಳಿನ ದಡಕ್ಕೆ ನೇರವಾಗಿ ಮೂತಿ ಒತ್ತಿ ನಿಲ್ಲುವುದು ಅದರ ಕೆಲಸ. ಒತ್ತಿದ ಮೇಲೆ ಮೂತಿಯ ದೊಡ್ಡ ಬಾಗಿಲುಗಳು ಎರಡು ಪಕ್ಕಕ್ಕೂ ತೆರೆದುಕೊಳ್ಳುತ್ತವೆ. ಒಳಗಿನಿಂದ ಕಬ್ಬಿಣದ ಇಳಿಜಾರು ಹಲಗೆಯೊಂದು ದಡಕ್ಕೆ ಚಾಚಿಕೊಳ್ಳುತ್ತದೆ. ಅದರ ಮೇಲೆ ಟ್ಯಾಂಕುಗಳು, ಲಾರಿಗಳು, ಬಂದೂಕು ಹಿಡಿದ ಸೈನಿಕರು ಒಬ್ಬರ ಹಿಂದೊಬ್ಬರು ಇಳಿಯುತ್ತಾರೆ. ಚೂಪು ತಳದ ಹಡಗು ಹೀಗೆ ದಡಕ್ಕೆ ಬಂದರೆ ಮಗ್ಗುಲಿಗೆ ಬಿದ್ದುಹೋಗುತ್ತದೆ, ಅದಕ್ಕೇ ಇದರ ತಳ ಚಪ್ಪಟೆ. ಚಪ್ಪಟೆಯಾದ್ದರಿಂದಲೇ ನಡುಸಮುದ್ರದಲ್ಲಿ ಇದು ಹೊರಳಾಡುವಷ್ಟು ಬೇರೆ ಯಾವ ಹಡಗೂ ಹೊರಳಾಡುವುದಿಲ್ಲವಂತೆ. ಊಟದ ತಟ್ಟೆ ಮೇಜಿನ ಮೇಲೆ ನಿಲ್ಲುವುದಿಲ್ಲ, ತಿಂದದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ರಜೆಗೆ ಬಂದ ಮೊದಲ ಎರಡು ದಿನ ನಮ್ಮವರು ನಮ್ಮ ಪಡಸಾಲೆಯಲ್ಲೂ ಕಾಲಗಲಿಸಿಕೊಂಡು ನಡೆಯುತ್ತಿದ್ದರು. ನಾನು ನಗುತ್ತಿದ್ದೆ.

ಅವರ ಕೆಲಸ ಹಡಗಿನ ಹೊಟ್ಟೆಯೊಳಗೆ. ಉದ್ದಕ್ಕೂ ದೊಡ್ಡ ದೊಡ್ಡ ತೊಟ್ಟಿಗಳು, ಅವುಗಳಿಗೆ ನೀರು ತುಂಬುವ, ಖಾಲಿ ಮಾಡುವ ಪಂಪುಗಳು. ದಡ ಹತ್ತಿರವಾಗುತ್ತಿದ್ದ ಹಾಗೆ ಹಿಂದಿನ ತೊಟ್ಟಿಗಳಿಗೆ ಸಮುದ್ರದ ನೀರನ್ನೇ ಎಳೆದು ತುಂಬಬೇಕು. ಆಗ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ, ಹಡಗು ಮೊಣಕಾಲುದ್ದದ ನೀರಿನ ತನಕ ಮೂತಿ ಚಾಚಲು ಸಾಧ್ಯವಾಗುತ್ತದೆ. ನನಗೆ ಇದು ತಲೆಗೆ ಹತ್ತದಿದ್ದಾಗ ಅವರು ನನ್ನನ್ನು ಕರೆದುಕೊಂಡು ಹೋಗಿ ಹಿತ್ತಿಲಿನ ಎತ್ತಿನ ಗಾಡಿ, ಅದರ ಮುಂದಕ್ಕೆ ಚಾಚಿದ ಮೂಕಿಮರ ತೋರಿಸಿದರು.

"ಕಬ್ಬು ತುಂಬುವಾಗ ಇಂದ್ಗಡೆ ಭಾರ ಜಾಸ್ತಿ ಆದ್ರೆ ಮೂಕಿ ಮ್ಯಾಕೇಳಲ್ವಾ? ಅಂಗೇ ಕಣೆ. ಅಷ್ಟೇಯಾ."

"ಅಷ್ಟಕ್ಕೇ ನಿಮಗೆ ಸಂಬಳ ಕೊಡ್ತಾರಾ?" ಎಂದೆ.

"ಮೂಕಿ ಎಷ್ಟು ಏಳ್ಬೇಕು ಅಂತ ಗೊತ್ತಿರೋದಕ್ಕೆ ಕೊಡ್ತಾರೆ."

ಹಿಂದಕ್ಕೆ ಬರುವುದು ಹೇಗೆ ಎಂಬುದೂ ನನಗೆ ಗೊತ್ತು. ಮರಳಿಗೆ ಮೂತಿ ಒತ್ತಿದ ಹಡಗು ತನ್ನಷ್ಟಕ್ಕೆ ತಾನೇ ಹಿಂದೆ ಸರಿಯಲಾರದು. ಅದಕ್ಕಾಗಿ ದಡ ಇನ್ನೂ ದೂರವಿರುವಾಗಲೇ ಹಿಂದುಗಡೆಯಿಂದ ಒಂದು ಲಂಗರು ಇಳಿಸಿ, ಅದರ ಕಬ್ಬಿಣದ ಹಗ್ಗ ಬಿಡುತ್ತಾ ಬಿಡುತ್ತಾ ಮುಂದೆ ಬರುತ್ತಾರೆ. ಕೆಲಸ ಮುಗಿದ ಮೇಲೆ ಆ ಹಗ್ಗವನ್ನು ಯಂತ್ರದಲ್ಲಿ ಸುತ್ತಿ ತನ್ನನ್ನು ತಾನೇ ಹಿಂದಕ್ಕೆ ಎಳೆದುಕೊಳ್ಳುವುದು. ಕೆಸರುಗದ್ದೆಗೆ ಟ್ರಾಕ್ಟರು ಇಳಿಸುವ ಮೊದಲೇ ಹಿಂದಿನ ಹೊಂಗೆಮರಕ್ಕೆ ಹಗ್ಗ ಬಿಗಿದಿಟ್ಟ ಹಾಗೆ. ಇದನ್ನು ನಾನು ನನ್ನ ತರಗತಿಯ ಮಕ್ಕಳಿಗೂ ಹೇಳಿದ್ದೇನೆ, ಪಠ್ಯದಲ್ಲಿ ಇಲ್ಲದಿದ್ದರೂ.

ಅತ್ತೆಗೆ ಇದ್ಯಾವುದೂ ಬೇಕಿರಲಿಲ್ಲ. ಅವರಿಗೆ ಬೇಕಿದ್ದದ್ದು ಮಗ ಯಾವ ನೀರಿನ ಮೇಲಿದ್ದಾನೆ ಎಂಬುದೊಂದೇ. ಮೂಡಲ ಸಮುದ್ರ ಎಂದು ತಿಳಿದಾಗ ಅವರಿಗೆ ಬಹಳ ಸಮಾಧಾನವಾಯಿತಂತೆ. ಯಾಕೆಂದರೆ ನಮ್ಮ ಹೇಮಾವತಿ ಕಾವೇರಿಗೆ ಸೇರುತ್ತದೆ, ಕಾವೇರಿ ಆ ಸಮುದ್ರಕ್ಕೆ ಸೇರುತ್ತದೆ. ಹಾಗಾಗಿ ಮನೆ ಹಿಂದಿನ ಹೊಳೆಗೆ ಹೇಳಿದ ಮಾತು ಮಗನ ತನಕ ಹೋಗಿಯೇ ಹೋಗುತ್ತದೆ. ಪ್ರತಿ ಮಳೆಗಾಲ ಹೊಳೆ ತುಂಬಿದಾಗ ಅವರು ಮೊರದ ಬಾಗಿನ ಕೊಡುತ್ತಿದ್ದರು. ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ, ಎಲ್ಲ ಇಟ್ಟು ಮೇಲೊಂದು ಮೊರ ಮುಚ್ಚಿ, ತುಂಬಿದ ನೀರಿಗೆ ಬಿಟ್ಟು ಕೈಮುಗಿಯುವುದು. ಮುತ್ತೈದೆಯರು ಮಾತ್ರ ಕೊಡುವ ಬಾಗಿನ, ಹೊಳೆಗೆ ಮಡಿಲು ತುಂಬಿದ ಹಾಗೆ. ಉಳಿದ ಹೆಂಗಸರು ಬೆಳೆಗಾಗಿ ಕೊಡುತ್ತಿದ್ದರು, ಅತ್ತೆ ಹಡಗಿಗಾಗಿ.

ಮಾವ ಸುಮ್ಮನಿರುವವರಲ್ಲ. ಒಂದು ವರ್ಷ ಜಗಲಿಯ ಮೇಲೆ ಕೂತು, "ಅಲ್ಲಾ ಕಣಮ್ಮಿ, ನಿನ್ ಬಾಗ್ನ ಕನ್ನಂಬಾಡಿ ಕಟ್ಟೇಲೇ ನಿಂತ್ಕತದಲ್ಲ. ಅಲ್ಲಿಂದಾಚೆಗೆ ಎಂಗೋದದು? ಮೀನು ಬಳೆ ತೊಟ್ಕಂಡು ತಿರುಗ್ತಾವ್ವೆ ಅಷ್ಟೇಯಾ" ಎಂದರು.

ನಗೆಚಾಟಿಕೆಗೆ ಅಂದ ಮಾತು. ಆದರೆ ಅತ್ತೆ ಆ ಹೊತ್ತು ಊಟ ಮಾಡಲಿಲ್ಲ. ಅವರ ಲೆಕ್ಕದಲ್ಲಿ ಅದು ದೊಡ್ಡ ಮಾತು. ಮರುವರ್ಷದಿಂದ ಅವರು ಅಕ್ಕಿಹೆಬ್ಬಾಳಿನಲ್ಲಿ ಕೊಡುವುದನ್ನು ಬಿಟ್ಟರು. ಕನ್ನಂಬಾಡಿ ತುಂಬಿ ಬಾಗಿಲೆತ್ತಿದ ಸುದ್ದಿ ಬರುವ ತನಕ ಕಾದು, ಕಟ್ಟೆಯಿಂದ ಕೆಳಗಿರುವ ಶ್ರೀರಂಗಪಟ್ಟಣಕ್ಕೇ ಹೋಗಿ ಕೊಡತೊಡಗಿದರು. ಅಲ್ಲಿಂದ ಮುಂದೆ ತಡೆಯುವವರು ಯಾರೂ ಇಲ್ಲ ಎಂಬ ಧೈರ್ಯ. ತಮಿಳುನಾಡಿನಲ್ಲಿ ಇನ್ನೊಂದು ಕಟ್ಟೆ ಇದೆ ಎಂದು ನಾನೂ ಹೇಳಲಿಲ್ಲ, ಮಾವನೂ ಹೇಳಲಿಲ್ಲ. ಮಾವನ ನಾಲಿಗೆಗೂ ಒಂದು ಮಿತಿಯಿತ್ತು.

ಜೊತೆಗೆ ಹೋಗುವವಳು ನಾನೇ. ಶಾಲೆಗೆ ರಜೆ ಹಾಕಿ, ಮೊರಗಳನ್ನು ತೊಡೆಯ ಮೇಲಿಟ್ಟುಕೊಂಡು, ಕೆ.ಆರ್. ಪೇಟೆಯಿಂದ ಪಾಂಡವಪುರ, ಪಾಂಡವಪುರದಲ್ಲಿ ಬಸ್ಸು ಬದಲಾಯಿಸಿ ಶ್ರೀರಂಗಪಟ್ಟಣ. ದಾರಿಯುದ್ದಕ್ಕೂ ಗೊಣಗುತ್ತಿದ್ದೆ. ಅತ್ತೆ ಕಿಟಕಿಯಾಚೆ ನಾಲೆಗಳಲ್ಲಿ ನೀರು ಎಷ್ಟಿದೆ ಎಂದು ನೋಡಿಕೊಂಡು ಕೂತಿರುತ್ತಿದ್ದರು. ಸ್ನಾನಘಟ್ಟದಲ್ಲಿ ಕೆಂಪು ನೀರು ಮೆಟ್ಟಿಲು ನುಂಗಿ ಹರಿಯುತ್ತಿರುತ್ತಿತ್ತು. "ನೀನೂ ಒಂದು ಕೊಡವ್ವ, ನಿನ್ ಗಂಡ ತಾನೇ" ಎನ್ನುತ್ತಿದ್ದರು. "ಒಂದೇ ಮನೆಯಿಂದ ಎರಡೆರಡು ಯಾಕತ್ತೆ" ಎಂದು ನಾನು ಕೊಡೆ ಹಿಡಿದು ನಿಲ್ಲುತ್ತಿದ್ದೆ. ಈಗ ಕೊಡಬೇಕೆಂದರೂ ನಾನು ಕೊಡುವ ಹಾಗಿಲ್ಲ.

ಒಮ್ಮೆ ಮನೆಯವರನ್ನೆಲ್ಲ ಹಡಗಿಗೆ ಕರೆಯುವ ದಿನ ಅಂತ ವಿಶಾಖಪಟ್ಟಣಕ್ಕೆ ಹೋಗಿದ್ದೆವು. ಮೂತಿಯ ಬಾಗಿಲು ತೆರೆದಿಟ್ಟಿದ್ದರು. ಅತ್ತೆ ಇಳಿಜಾರು ಹಲಗೆಯ ಬುಡದಲ್ಲಿ ಚಪ್ಪಲಿ ಬಿಟ್ಟು, ಬಲಗಾಲಿಟ್ಟು ಹತ್ತಿದರು. ಬಿಸಿಲಿಗೆ ಕಬ್ಬಿಣ ಕಾದಿತ್ತು. ಕಾಲು ಎತ್ತೆತ್ತಿ ಇಟ್ಟರೇ ಹೊರತು ಚಪ್ಪಲಿ ಹಾಕಿಕೊಳ್ಳಲಿಲ್ಲ. ಅಲ್ಲಿದ್ದ ನಾವಿಕರು ನಕ್ಕರು, ನಮ್ಮವರ ಕಿವಿ ಕೆಂಪಾಯಿತು. ಒಳಗೆ ಹಡಗಿನ ಉದ್ದಕ್ಕೂ ಒಂದೇ ಹಜಾರ, ಎರಡು ಕಲ್ಯಾಣ ಮಂಟಪ ಸೇರಿಸಿದಷ್ಟು. ನೆಲದ ತುಂಬ ಟ್ಯಾಂಕುಗಳನ್ನು ಸರಪಳಿಯಿಂದ ಬಿಗಿಯುವ ಕೊಂಡಿಗಳು. ಡೀಸೆಲ್ ಹೊಗೆ ಎಳೆದುಹಾಕುವ ದೊಡ್ಡ ಫ್ಯಾನುಗಳ ಸದ್ದು. ಪಕ್ಕದಲ್ಲಿ ಸೈನಿಕರು ಮಲಗುವ ಒಂದರ ಮೇಲೊಂದು ಮಂಚಗಳು. ಮೇಲೆ ಹೆಲಿಕಾಪ್ಟರು ಇಳಿಯುವ ಜಾಗ. ಅತ್ತೆ ಎಲ್ಲವನ್ನೂ ಬೀಗರ ಮನೆ ನೋಡುವ ಹಾಗೆ ಸುಮ್ಮನೆ ನೋಡಿದರು. ಕೊನೆಗೆ ನಮ್ಮವರು ತಮ್ಮ ಪಂಪುಗಳ ಕೊಳವೆ ತೋರಿಸಿ ನೀರು ತುಂಬುವ ಕಥೆ ಹೇಳಿದಾಗ ಮಾತ್ರ ಅವರ ಮುಖದಲ್ಲಿ ಜೀವ ಬಂತು.

"ಯಾವ ನೀರ್ಲಾ ತುಂಬ್ಸಾದು?"

"ಸಮುದ್ರದ್ದೇ ಕನವ್ವ."

"ಈ ಸಮುದ್ರಕ್ಕೇ ಅಲ್ವಾ ನಮ್ ಕಾವೇರಿ ಬಂದು ಬೀಳಾದು?"

"ಊ ಕನವ್ವ, ಇದಕ್ಕೇಯಾ."

"ಅಂಗಾರೆ ಇದ್ರೊಟ್ಟೇಲಿ ನಮ್ಮೊಳೆ ನೀರದೆ ಅನ್ನು."

ನಮ್ಮವರು ನನ್ನ ಮುಖ ನೋಡಿದರು. "ಅದೆ ಕನವ್ವ" ಎಂದರು. ಅತ್ತೆ ಆ ಹಸಿರು ಬಣ್ಣದ ಕೊಳವೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆ ಮೇಲೆ ಊರಿಗೆ ಬಂದು, ಅಷ್ಟು ದೊಡ್ಡ ಹಡಗು ದಡ ಮುಟ್ಟಬೇಕಾದರೆ ನಮ್ಮ ಹೇಮಾವತಿ ನೀರು ಕುಡಿದೇ ಮುಟ್ಟಬೇಕು ಎಂದು ಬೀದಿಗೆಲ್ಲ ಹೇಳಿದರು. ಯಾರೂ ಇಲ್ಲವೆನ್ನಲಿಲ್ಲ.

ಯುದ್ಧಕ್ಕೆ ಕಟ್ಟಿದ ಆ ಹಡಗು ನಮ್ಮವರ ಕಾಲದಲ್ಲಿ ಯಾವ ಶತ್ರುವಿನ ದಡಕ್ಕೂ ಹೋಗಲಿಲ್ಲ. ಅಭ್ಯಾಸಕ್ಕೆ ದಡ ಮುಟ್ಟುವುದು, ಮತ್ತೆ ಹಿಂದೆ ಸರಿಯುವುದು. ನಡುವೆ ಚಂಡಮಾರುತ ಬಡಿದು ದ್ವೀಪವೊಂದರ ಹಡಗುಕಟ್ಟೆಗಳೆಲ್ಲ ಕೊಚ್ಚಿಹೋದಾಗ ಬೇರೆ ಹಡಗುಗಳು ದೂರದಲ್ಲಿ ನಿಂತವಂತೆ, ಇದೊಂದೇ ಮರಳಿಗೆ ಮೂತಿಯಿಟ್ಟು ಬಾಗಿಲು ತೆರೆದದ್ದು. ಟ್ಯಾಂಕು ನಿಲ್ಲುವ ಜಾಗದಿಂದ ಅಕ್ಕಿಮೂಟೆ ಮತ್ತು ಕುಡಿಯುವ ನೀರು ಇಳಿಯಿತು. ಗಾಯವಾದವರು, ಬಸುರಿಯರು ಅದೇ ಹಲಗೆ ಹತ್ತಿ ಒಳಗೆ ಬಂದರು. ಆ ರಜೆಯಲ್ಲಿ ಬಂದಾಗ ಅವರು ಗಾಡಿ ಮೂಕಿ, ಕೆಸರುಗದ್ದೆ ಯಾವುದರ ಮಾತೂ ಆಡಲಿಲ್ಲ. ಒಂದು ಮುದುಕಿ ಹಡಗಿನೊಳಗೆ ಬಂದವಳೇ ಇದರ ಹೊಸ್ತಿಲು ಎಲ್ಲಿ ಎಂದು ಕೇಳಿದಳು ಎಂದಷ್ಟೇ ಹೇಳಿದರು. ಅವರು ಹಾಗೆ ಮೆತ್ತಗಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವತ್ತು ಅವರ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದರೆ, ಜಗಳಕ್ಕೆಂದು ಕೂಡಿಟ್ಟಿದ್ದ ಮಾತೆಲ್ಲ ಮರೆತುಹೋಯಿತು.

ಆಮೇಲೆ ಹಡಗು ಪಡುವಣ ಕರಾವಳಿಗೆ ಬಂತು. ಕಾರವಾರದ ಕಡೆ. ಮನೆಯಲ್ಲಿ ಎಲ್ಲರಿಗೂ ಖುಷಿ, ಅವರು ನಮ್ಮ ರಾಜ್ಯಕ್ಕೇ ಬಂದುಬಿಟ್ಟಿದ್ದರು. ಬಸ್ಸು ಹತ್ತಿದರೆ ಮರುದಿನ ಊಟಕ್ಕೆ ಮನೆ. ಮಾವ ಸಂತೆಯಲ್ಲಿ ಸಿಕ್ಕವರಿಗೆಲ್ಲ, "ಈಗ ಇಲ್ಲೇ ಅವ್ನೆ ಬುಡಿ, ಕೂಗಿದ್ರೆ ಬತ್ತಾನೆ" ಎನ್ನುತ್ತಿದ್ದರು. ಅತ್ತೆ ಆ ವರ್ಷವೂ ಮರುವರ್ಷವೂ ಶ್ರೀರಂಗಪಟ್ಟಣಕ್ಕೆ ಹೋಗಿ ಬಾಗಿನ ಕೊಟ್ಟರು. ನಾನೂ ಕೊಡೆ ಹಿಡಿದು ನಿಂತೆ. ಗೋಡೆಯ ನಕ್ಷೆಯ ಮೇಲೆ ಕೋಲಿಟ್ಟು ಎರಡು ಸಮುದ್ರ ತೋರಿಸುವುದು ನನ್ನ ದಿನದ ಕಸುಬು. ಆದರೂ ಹಡಗು ದಿಕ್ಕು ಬದಲಿಸಿದ್ದಕ್ಕೂ ಅತ್ತೆಯ ಮೊರಕ್ಕೂ ಸಂಬಂಧವುಂಟೆಂದು ನನಗೆ ಹೊಳೆಯಲಿಲ್ಲ. ನಮ್ಮವರಿಗೂ ಹೊಳೆಯಲಿಲ್ಲ. ಮಗ ಹತ್ತಿರ ಬಂದ ಎಂಬ ಸಂತೋಷದಲ್ಲಿ ಯಾವ ತಾಯಿ ದಿಕ್ಕು ಕೇಳುತ್ತಾಳೆ?

ನಮ್ಮವರು ಹೋದದ್ದು ಬೇಸಿಗೆಯಲ್ಲಿ. ದಡ ಮುಟ್ಟುವ ಅಭ್ಯಾಸವಿತ್ತಂತೆ. ಬೆಳಗಿನಿಂದ ಎದೆಯುರಿ ಎಂದು ಹೇಳಿ ಮಾತ್ರೆ ನುಂಗಿದ್ದಾರೆ. ನಮ್ಮ ಕಡೆಯ ಗಂಡಸರಿಗೆ ಎದೆಯಲ್ಲಿ ಏನಾದರೂ ಅದು ಗ್ಯಾಸೇ. ಹಿಂದಿನ ತೊಟ್ಟಿಗಳಿಗೆ ನೀರು ತುಂಬಿಸಿದ್ದಾರೆ, ಮೂತಿ ಎದ್ದಿದೆ, ಹಡಗು ಮರಳಿಗೆ ಒತ್ತಿದೆ, ಬಾಗಿಲು ತೆರೆದು ಲಾರಿಗಳು ಇಳಿಯುತ್ತಿವೆ. ಇವರು ಪಂಪಿನ ಪಕ್ಕ ಕೂತವರು ಏಳಲಿಲ್ಲ. ಜೊತೆಯವರು ಅವರನ್ನು ಆ ಉದ್ದ ಹಜಾರದಲ್ಲಿ ಹೊತ್ತುಕೊಂಡು ಓಡಿ, ಇಳಿಜಾರು ಹಲಗೆಯ ಮೇಲಿಂದ ಇಳಿಸಿ, ಮರಳಿನ ಮೇಲಿದ್ದ ಗಾಡಿಗೆ ಹಾಕಿದರಂತೆ. ಆಸ್ಪತ್ರೆಯ ತನಕ ಜೀವ ನಿಲ್ಲಲಿಲ್ಲ.

ಇದನ್ನೆಲ್ಲ ಹೇಳಿದ್ದು ಪೆಟ್ಟಿಗೆಯ ಜೊತೆ ಬಂದ ಅವರ ಸಹೋದ್ಯೋಗಿ. ಒಡಿಶಾದವರು, ನಮ್ಮವರದೇ ವಯಸ್ಸು, ಒಂದೇ ಪಂಪುಮನೆಯಲ್ಲಿ ಜೊತೆಗೆ ದುಡಿದವರು. ಹೊಳೆ ಕಡೆಯ ನಮ್ಮ ಗದ್ದೆಯ ಮೂಲೆಯಲ್ಲಿ ಮಣ್ಣು ಮಾಡಿದೆವು. ನೌಕಾಪಡೆಯವರು ಗಾಳಿಯಲ್ಲಿ ಗುಂಡು ಹಾರಿಸಿದಾಗ ಗದ್ದೆಯ ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದವು. ಮಡಿಸಿದ ಬಾವುಟವನ್ನು ನನ್ನ ಕೈಗೆ ಕೊಟ್ಟರು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಸಂಜೆಯ ತನಕ ಎದೆಗೆ ಅವುಚಿಕೊಂಡೇ ಓಡಾಡಿದೆ. "ಅವರು ಹೋದದ್ದು ನೀರಿನ ಮೇಲಲ್ಲ ಅಕ್ಕ, ದಡ ಮುಟ್ಟಿದ್ದರು" ಎಂದು ಆ ಮನುಷ್ಯ ಹಿಂದಿಯಲ್ಲಿ ನನಗೆ ಸಮಾಧಾನ ಹೇಳಿದರು. ನನಗೆ ಉರಿದುಹೋಯಿತು. ಯಾರ ದಡ? ನಾನಿದ್ದ ದಡವಾ? ಬಾಯಿಗೆ ಬಂದದ್ದನ್ನು ಅವರ ಕಣ್ಣು ನೋಡಿ ನುಂಗಿಕೊಂಡೆ. ಆ ಮನುಷ್ಯನೂ ಅತ್ತು ಅತ್ತು ಸೋತಿದ್ದರು.

ಅವರು ಹೊರಡುವಾಗ ಅತ್ತೆ ನನ್ನನ್ನು ಹತ್ತಿರ ಕರೆದರು. "ಆವತ್ತು ಅಡಗಿನೊಟ್ಟೇಲಿ ತುಂಬ್ಸಿದ್ದು ಯಾವ ನೀರು ಅಂತ ಕೇಳವ್ವ."

ನಾನು ಕೇಳಿದೆ. ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಸಮುದ್ರದ್ದೇ, ಅರಬ್ಬೀ ಸಮುದ್ರದ್ದು, ಇನ್ಯಾವುದು ಎಂದರು.

"ಪಡುಲ ಸಮುದ್ರದ್ದಂತೆ ಅತ್ತೆ" ಎಂದೆ. ಅತ್ತೆ ತಲೆಯಾಡಿಸಿದರು. ಸಂಕಟದಲ್ಲಿ ಏನೋ ಕೇಳಿದರು ಎಂದುಕೊಂಡು ನಾನು ಮರೆತುಬಿಟ್ಟೆ.

ಹಾಲುತುಪ್ಪವಾಯಿತು, ತಿಥಿಯಾಯಿತು, ನೆಂಟರು ಖಾಲಿಯಾದರು. ನಾನು ಶಾಲೆಗೆ ಹೋಗತೊಡಗಿದೆ. ಮಕ್ಕಳ ಮುಂದೆ ನಿಂತಾಗ ಪರವಾಗಿಲ್ಲ, ಬಸ್ಸಿನಲ್ಲಿ ಕೂತಾಗ ಆಗುತ್ತಿರಲಿಲ್ಲ. ಕಬ್ಬಿನ ಗಾಡಿ ಎದುರಿಗೆ ಬಂದರೆ ಮುಖ ತಿರುಗಿಸಿಕೊಳ್ಳುತ್ತಿದ್ದೆ. ದೇವರ ಮೇಲೆ ಸಿಟ್ಟಿಲ್ಲ, ಹಡಗಿನ ಮೇಲೆ ಇತ್ತು. ಅಷ್ಟೆಲ್ಲ ಬುದ್ಧಿ ಓಡಿಸಿ, ಹೋದ ದಡದಿಂದ ವಾಪಸು ಬರುವ ಉಪಾಯ ತಾನು ಮಾಡಿಕೊಂಡಿದೆ. ಅದರೊಳಗೆ ದುಡಿಯುವವನಿಗೆ ಇಲ್ಲ. ಇದು ನ್ಯಾಯವಾದ ಸಿಟ್ಟಲ್ಲ ಎಂದು ಗೊತ್ತು. ಗೊತ್ತಿದ್ದರೆ ಸಿಟ್ಟು ಇಳಿಯುತ್ತದೆಯೇ?

ಮಳೆಗಾಲ ಬಂತು. ಕನ್ನಂಬಾಡಿ ತುಂಬಿತು, ಬಾಗಿಲೆತ್ತಿದ್ದನ್ನು ಟೀವಿಯಲ್ಲಿ ತೋರಿಸಿದರು. ನೊರೆ ಎದ್ದು ನೀರು ಧುಮುಕುತ್ತಿತ್ತು. ಮಾವ ಒಮ್ಮೆ ಟೀವಿ ನೋಡಿದರು, ಒಮ್ಮೆ ಅತ್ತೆಯನ್ನು ನೋಡಿದರು. ಜೀವಮಾನವೆಲ್ಲ ಆ ಮೊರಗಳನ್ನು ಗೇಲಿ ಮಾಡಿದ ಮನುಷ್ಯ, "ಓಗ್ಬರಲ್ವಾ? ನಾನು ಬತ್ತೀನಿ ಬೇಕಾರೆ" ಎಂದರು. ಅತ್ತೆ ಎದ್ದು ಟೀವಿ ಆರಿಸಿ ಹಿತ್ತಿಲಿಗೆ ಹೋದರು.

ಅದಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ನಾವಿಬ್ಬರೂ ಪಡಸಾಲೆಯಲ್ಲಿ ಅಕ್ಕಿಯ ಕಲ್ಲು ಆರಿಸುತ್ತಾ ಕೂತಿದ್ದೆವು. ಹೊರಗೆ ಜಡಿಮಳೆ. ಅತ್ತೆ ತಲೆಯೆತ್ತದೆ ಕೇಳಿದರು.

"ನೀನು ಇಸ್ಕೂಲಲ್ಲಿ ಯೋಳ್ಕೊಡೋಳಲ್ವಾ, ನಂಗೂ ಯೋಳು. ಆ ಪಡುಲ ಸಮುದ್ರಕ್ಕೆ ನಮ್ಮೊಳೆ ಓಗಲ್ವಾ?"

ಆಗ ನನಗೆ ಎಲ್ಲ ಅರ್ಥವಾಯಿತು. ಪೆಟ್ಟಿಗೆ ಬಂದ ದಿನದಿಂದ ಇಲ್ಲಿಯ ತನಕ ಈ ಹೆಂಗಸು ಇದೊಂದನ್ನೇ ಅಗಿಯುತ್ತಿದ್ದಾರೆ. ಮಗ ಒಂದು ನೀರಿನ ಮೇಲೆ, ತಾನು ಕೈಮುಗಿದದ್ದು ಇನ್ನೊಂದು ನೀರಿಗೆ.

"ಓಗಲ್ಲ ಅತ್ತೆ. ನಮ್ದು ಮೂಡ್ಲಿಗೆ ಓಗೋದು."

"ಎಲ್ಡು ಸಮುದ್ರ ಎಲ್ಲಾದ್ರೂ ಸೇರ್ತವಾ, ಇಲ್ಲ ಬ್ಯಾರೆಬ್ಯಾರೆಯಾ? ದಿಟ ಯೋಳ್ಬೇಕು ನೀನು."

ಒಂದೇ ಒಂದು ಸಲ ನನ್ನ ಓದು ಈ ಮನೆಯ ಕೆಲಸಕ್ಕೆ ಬಂತು ಎಂದು ಎಷ್ಟು ಹಿಗ್ಗಿದೆನೋ. ಸುಳ್ಳು ಹೇಳಬೇಕಾಗಿಲ್ಲ, ನಿಜವೇ ನನ್ನ ಕಡೆಗಿದೆ. ಮೊರದ ಅಕ್ಕಿಯನ್ನು ಸರಿಸಿ ಬೆರಳಿನಿಂದ ದೇಶದ ಚಿತ್ರ ಬರೆದೆ. ಇಲ್ಲಿ ನಮ್ಮ ಶ್ರೀರಂಗಪಟ್ಟಣ, ಇಲ್ಲಿ ಕಾವೇರಿ ಬೀಳುವುದು, ಇಲ್ಲಿ ಕಾರವಾರ. ಕೆಳಗಡೆ ತುದಿಯಲ್ಲಿ ಎರಡೂ ಒಂದೇ ನೀರು, ನಡುವೆ ಗೋಡೆಯಿಲ್ಲ, ಕಟ್ಟೆಯಿಲ್ಲ. "ನಿಮ್ ಬಾಗ್ನ ವ್ಯರ್ಥ ಆಗಿಲ್ಲ ಅತ್ತೆ. ಸುತ್ಕೊಂಡಾದ್ರೂ ಓಗಿ ಸೇರೇ ಸೇರಿರ್ತದೆ" ಎಂದೆ. ಅವರ ಮಂಡಿಯ ಮೇಲೆ ಕೈಯಿಟ್ಟೆ.

ಅತ್ತೆ ಆ ಅಕ್ಕಿಯ ಚಿತ್ರವನ್ನೇ ನೋಡುತ್ತಾ ಕೂತರು.

"ಅಂಗಾರೆ ಅವುಳ್ಗೆ ಸೇರ್ಬುಟ್ಟದೆ" ಎಂದರು. ಹೊಳೆಯ ಬಗ್ಗೆ ಅವರು ಯಾವಾಗಲೂ ಹಾಗೆಯೇ ಮಾತಾಡುತ್ತಿದ್ದರು, ಪಕ್ಕದ ಮನೆಯ ಹೆಂಗಸಿನ ಹಾಗೆ. "ಎಲ್ಲಾ ಇಸ್ಕಂಡವ್ಳೆ. ಇಸ್ಕಂಡೂ ನನ್ ಮಗನ್ ಕೈ ಬುಟ್ಬುಟ್ಳು ಅನ್ನು."

ಅವರ ಮಂಡಿಯ ಮೇಲಿದ್ದ ಕೈಯನ್ನು ನಾನು ಹಿಂದಕ್ಕೆ ತೆಗೆದುಕೊಂಡೆ.

"ಇಲ್ಲ, ಸೇರಲ್ಲ ಅಂದ್ಬುಡ್ಬೇಕಿತ್ತು ಕನವ್ವ ನೀನು. ತಪ್ಪು ನಂದೇಯಾ, ಗೊತ್ತಿಲ್ದೆ ಬ್ಯಾರೆ ನೀರ್ಗೆ ಕೊಟ್ಬುಟ್ಟೆ ಅಂತ ಅನ್ಕಂಡು ಸುಮ್ಕಾಗ್ಬುಡ್ತಿದ್ದೆ."

ಅವರು ಅಂಗೈಯಿಂದ ಚಿತ್ರವನ್ನು ಒರೆಸಿ ಅಕ್ಕಿಯನ್ನು ಒಂದು ಮಾಡಿದರು. ಒಳಗಿನಿಂದ ಮಾವ ಕಾಫಿ ಕೇಳಿದರು. ನಾವಿಬ್ಬರೂ ಏಳಲಿಲ್ಲ.